ಪಾಂಡೆರೋಸಾ ಕಾಡು ಮತ್ತು ತರಗು ಬೆಂಕಿ

ಅಮೆರಿಕದ ಪಶ್ಚಿಮ ಭಾಗದಲ್ಲಿ ಕಾಡು ಹೊತ್ತಿದಾಗಲೆಲ್ಲ ನಮ್ಮ ಪತ್ರಿಕೆಗಳು ‘ಕಾಡ್ಗಿಚ್ಚು’ ಎಂಬ ಒಂದೇ ಪದವನ್ನು ಬಳಸುತ್ತವೆ. ಪಾಂಡೆರೋಸಾ ಪೈನ್ ಕಾಡಿನ ಮಟ್ಟಿಗೆ ಈ ಒಂದು ಪದ ಸಾಲದು ಎಂಬುದು ನನ್ನ ತಕರಾರು. ನೆಲದ ಒಣಹುಲ್ಲನ್ನೂ ಉದುರಿದ ಸೂಜಿ ಎಲೆಗಳನ್ನೂ ಮೇಯುತ್ತ ಸಾಗುವ ಬೆಂಕಿಯೇ ಬೇರೆ, ಮರದ ನೆತ್ತಿಯಿಂದ ನೆತ್ತಿಗೆ ಹಾಯುವ ಬೆಂಕಿಯೇ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲನೆಯದನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಅವರ ಕಾಡು ಬೇರೆ ಬಗೆಯದು, ಆದರೂ ಹೆಸರನ್ನು ಎರವಲು ಪಡೆಯುತ್ತೇನೆ.

ಅರಿಜೋನಾದ ಫ್ಲಾಗ್‌ಸ್ಟಾಫ್ ಸುತ್ತ ಹಬ್ಬಿರುವ ಈ ಮರ ತರಗು ಬೆಂಕಿಗೆಂದೇ ಅಣಿಯಾದಂತಿದೆ. ಬಲಿತ ಮರದ ಕಿತ್ತಳೆ ಬಣ್ಣದ ತೊಗಟೆ ಅಂಗುಲಗಟ್ಟಲೆ ದಪ್ಪವಿರುತ್ತದೆ (ಬಿಸಿಲಿಗೆ ಕಾದಾಗ ಮೂಸಿದರೆ ವೆನಿಲ್ಲಾದ ಪರಿಮಳ). ಕೆಳಗಿನ ಕೊಂಬೆಗಳನ್ನು ಅದು ತಾನೇ ಕಳಚಿಕೊಳ್ಳುವುದರಿಂದ ಜ್ವಾಲೆಗೆ ಮೇಲೇರಲು ಮೆಟ್ಟಿಲು ಸಿಗುವುದಿಲ್ಲ. ಹಳೆಯ ಮರಗಳ ವಾರ್ಷಿಕ ಉಂಗುರಗಳಲ್ಲಿ ಉಳಿದಿರುವ ಸುಟ್ಟ ಕಲೆಗಳನ್ನು ಎಣಿಸಿದವರಿಗೆ, ನೈಋತ್ಯ ಅಮೆರಿಕದ ಎಷ್ಟೋ ಕಡೆ 2ರಿಂದ 20 ವರ್ಷಗಳಿಗೊಮ್ಮೆ ಬೆಂಕಿ ಹಾದುಹೋಗಿರುವುದು ಕಂಡಿದೆ. ಪ್ರತಿ ಸಲವೂ ಸಸಿಗಳ ಗುಂಪು ಸುಟ್ಟುಹೋಗಿ, ದೊಡ್ಡ ಮರಗಳ ನಡುವೆ ಹುಲ್ಲುಗಾವಲಿನಂಥ ತೆರಪು ಉಳಿಯುತ್ತಿತ್ತು.

ಈ ಬೆಂಕಿ ನಿಂತದ್ದಕ್ಕೆ ಅರಣ್ಯ ಇಲಾಖೆಯೊಂದನ್ನೇ ದೂರುವುದು ರೂಢಿ, ಆದರೆ ಅದಕ್ಕೂ ಮೊದಲೇ 1880ರ ದಶಕದಲ್ಲಿ ರೈಲಿನೊಂದಿಗೆ ಬಂದ ಕುರಿ ದನಗಳ ಹಿಂಡುಗಳು ಬೆಂಕಿಯನ್ನು ಹೊತ್ತೊಯ್ಯುವ ಹುಲ್ಲನ್ನೇ ಮೇಯ್ದು ಮುಗಿಸಿದ್ದವು, ಕಾಡಿಗೆ ಬೆಂಕಿ ಹಚ್ಚುತ್ತಿದ್ದ ಮೂಲನಿವಾಸಿಗಳನ್ನೂ ಅಲ್ಲಿಂದ ಎಬ್ಬಿಸಲಾಗಿತ್ತು. 1910ರಲ್ಲಿ ಐಡಾಹೊ ಮತ್ತು ಮೊಂಟಾನಾಗಳಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟ ಮೇಲೆ ಇಲಾಖೆಗೆ ಬೆಂಕಿಯೆಂದರೆ ವೈರಿಯೇ ಆಯಿತು. 1935ರಲ್ಲಂತೂ ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮ ಬಂತು. 1919ರಲ್ಲಿ ನೈಋತ್ಯದಲ್ಲಿ ಹೇರಳವಾಗಿ ಹುಟ್ಟಿದ ಸಸಿಗಳನ್ನು ತೆಳುವಾಗಿಸಲು ಯಾವ ಬೆಂಕಿಯೂ ಬರಲಿಲ್ಲ. ಹೆರಾಲ್ಡ್ ವೀವರ್ ಎಂಬ ಅರಣ್ಯಾಧಿಕಾರಿ 1943ರಲ್ಲೇ ಈ ಕಾಡಿಗೆ ಬೆಂಕಿ ಬೇಕೆಂದು ಬರೆದರೂ ಇಲಾಖೆ ತನ್ನ ದಾರಿ ಬದಲಿಸಲು ದಶಕಗಳು ಹಿಡಿದವು.

ಎಕರೆಗೆ ಕೆಲವು ಹತ್ತು ಮರಗಳಿದ್ದ ಜಾಗದಲ್ಲಿ ನೂರಾರು ಕಡ್ಡಿಮರಗಳು ನಿಂತರೆ ಹಸಿರು ಹೆಚ್ಚಿದಂತೆ ಕಾಣುತ್ತದೆ, ಆದರೆ ಇರುವಷ್ಟೇ ನೀರಿಗೆ ಅಷ್ಟೂ ಬೇರುಗಳು ಬಾಯಿ ಹಾಕುತ್ತವೆ. ತೊಗಟೆ ಕೊರೆಯುವ ದುಂಬಿಯನ್ನು ಆರೋಗ್ಯವಂತ ಪೈನ್ ಮರ ಅಂಟು ಸುರಿಸಿ ಹೊರದೂಡುತ್ತದೆ. ಬಾಯಾರಿದ ಮರಕ್ಕೆ ಅಷ್ಟು ಅಂಟು ಹುಟ್ಟುವುದಿಲ್ಲ. ಕಡ್ಡಿಮರಗಳು ಏಣಿಯೂ ಆಗುವುದರಿಂದ, ಕಿಡಿ ಬಿದ್ದರೆ ಉರಿ ನೇರವಾಗಿ ಹಿರಿಯ ಮರದ ನೆತ್ತಿಗೇರುತ್ತದೆ. 2002ರ ರೋಡಿಯೊ–ಚೆಡಿಸ್ಕಿ, 2011ರ ವಾಲೊ, ಹೀಗೆ ಅರಿಜೋನಾದಲ್ಲಿ ಲಕ್ಷಾಂತರ ಎಕರೆ ನುಂಗಿದ ಬೆಂಕಿಗಳಲ್ಲಿ ದೊಡ್ಡ ಪಟ್ಟೆಗಳೇ ಬೋಳಾದವು. ಲಾಡ್ಜ್‌ಪೋಲ್ ಪೈನ್‌ನಂತೆ ಶಾಖಕ್ಕೆ ತೆರೆದು ಬೀಜ ಚೆಲ್ಲುವ ಕಾಯಿ ಪಾಂಡೆರೋಸಾಕ್ಕಿಲ್ಲ, ಬೀಜವೂ ತಾಯಿಮರದಿಂದ ಬಹುದೂರ ಹಾರುವುದಿಲ್ಲ; ಆದ್ದರಿಂದ ಅಂಥ ಬಯಲಿನಲ್ಲಿ ಓಕ್ ಪೊದೆಗಳು ನೆಲೆಯೂರುತ್ತವೆ.

ಹಾಗಾದರೆ ನಾವೇ ಬೆಂಕಿ ಹಚ್ಚೋಣ ಎಂಬ ಉತ್ತರ ಸುಲಭದ್ದಲ್ಲ. 2022ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಅರಣ್ಯ ಇಲಾಖೆಯೇ ಹಚ್ಚಿದ ಬೆಂಕಿಯೊಂದು ಕೈಮೀರಿತು. ಇನ್ನೊಂದೆಡೆ, ಜನವರಿಯಲ್ಲಿ ಸುಟ್ಟ ಸೌದೆ ರಾಶಿಯೊಂದರ ಕೆಂಡ ಹಿಮದಡಿಯಲ್ಲೇ ಜೀವ ಹಿಡಿದುಕೊಂಡಿದ್ದು ಏಪ್ರಿಲ್‌ನಲ್ಲಿ ಎದ್ದಿತು. ಎರಡೂ ಕೂಡಿ 3,40,000ಕ್ಕೂ ಹೆಚ್ಚು ಎಕರೆ ಸುಟ್ಟವು, ನೂರಾರು ಮನೆಗಳು ಹೋದವು. ಮನೆ ಕಳೆದುಕೊಂಡವರ ಮುಂದೆ ನಿಂತು ತರಗು ಬೆಂಕಿಯ ಗುಣಗಾನ ಮಾಡಲು ನನಗೆ ನಾಲಿಗೆ ಏಳದು. ಆದರೂ ಕಡ್ಡಿಮರಗಳನ್ನು ಮೊದಲು ಕಡಿದು ಸಾಗಿಸಿ, ಗಾಳಿ ಮತ್ತು ತೇವ ನೋಡಿ ಸಣ್ಣ ತುಂಡುಗಳಲ್ಲಿ ಸುಡುವ ಕ್ರಮವನ್ನು ಕೈಬಿಡಬಾರದು ಎಂದೇ ನನ್ನ ಅಭಿಪ್ರಾಯ. ಕೆಂಡ ಪೂರ್ತಿ ಆರಿದೆಯೇ ಎಂದು ತಿಂಗಳುಗಳ ನಂತರವೂ ಹೋಗಿ ನೋಡುವ ಜನರಿಗೆ ಸಂಬಳ ಕೊಡುವುದೂ ಆ ಖರ್ಚಿನೊಳಗೇ ಸೇರಬೇಕು.