ಪೆಟ್ ಸ್ಕ್ಯಾನ್‌ನಲ್ಲಿ ಕೆಂಪು ಕಂಡರೆ ಮೆದುಳಿನ ಉರಿಯೂತ ಎಂದಲ್ಲ

"ಪೆಟ್ ಸ್ಕ್ಯಾನ್‌ನಲ್ಲಿ ಮೆದುಳು ಕೆಂಪಾಗಿ ಕಂಡರೆ ಉರಿಯೂತ ಇದೆ ಎಂದರ್ಥ. ಮರೆವು ಇರುವವರೆಲ್ಲ ಮಾಡಿಸಿ" ಎಂಬ ಮೆಸೇಜ್ ಚಿತ್ರದ ಸಮೇತ ಓಡಾಡುತ್ತಿದೆ. ಇದು ತಪ್ಪು.

ಆ ಬಣ್ಣ ಕಂಪ್ಯೂಟರ್ ಹಚ್ಚಿದ್ದು. ರಕ್ತಕ್ಕೆ ಕೊಟ್ಟ ವಿಕಿರಣಶೀಲ ವಸ್ತು ಎಲ್ಲಿ ಜಾಸ್ತಿ ಸೇರಿದೆ ಎಂದಷ್ಟೇ ಅದು ಹೇಳುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ಎಫ್‌ಡಿಜಿ. ಅದು ಗ್ಲೂಕೋಸ್‌ನಂಥದ್ದು. ಆರೋಗ್ಯವಾಗಿರುವ ಮೆದುಳೇ ಅದನ್ನು ಚೆನ್ನಾಗಿ ಹೀರುತ್ತದೆ. ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ನಲ್ಲಿ ಮೆದುಳಿನ ಕೆಲವು ಭಾಗಗಳು ಕಡಿಮೆ ಹೀರುತ್ತವೆ. ಮೆಸೇಜ್ ಹೇಳುವುದಕ್ಕೆ ಉಲ್ಟಾ, ಅಲ್ವಾ?

ಉರಿಯೂತ ಹುಡುಕಲು ಬೇರೆ ವಸ್ತುಗಳಿವೆ. ಪಿಬಿಆರ್28 ಎಂಬುದು ಟಿಎಸ್‌ಪಿಒ ಪ್ರೋಟೀನ್‌ಗೆ ಅಂಟುತ್ತದೆ. ಮೆದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿದಾಗ ಈ ಪ್ರೋಟೀನ್ ಹೆಚ್ಚಬಹುದು. ಆದರೆ ಅದು ಬೇರೆ ಕೋಶಗಳಲ್ಲೂ ಇರುತ್ತದೆ. ಸಾಲದ್ದಕ್ಕೆ, ಒಂದು ಜೀನ್ ವ್ಯತ್ಯಾಸದಿಂದ ಕೆಲವರಲ್ಲಿ ಪಿಬಿಆರ್28 ಸರಿಯಾಗಿ ಅಂಟುವುದೇ ಇಲ್ಲ. ಅದಕ್ಕೇ ಸಂಶೋಧಕರು ಮೊದಲು ಜೀನ್ ನೋಡುತ್ತಾರೆ.

ಔಷಧ ಮೆದುಳಿಗೆ ಹೋಗುತ್ತದೋ ಇಲ್ಲವೋ ಎಂದು ತಿಳಿಯಲೂ ಪೆಟ್ ಬಳಸುತ್ತಾರೆ. ಮೆದುಳಿಗೆ ಬಂದ ಔಷಧವನ್ನು ಹೊರಗೆ ತಳ್ಳುವ ಪ್ರೋಟೀನ್ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡಲು, ವಿಕಿರಣಶೀಲ ಕಾರ್ಬನ್-11 ಸೇರಿಸಿದ ವೆರಪಮಿಲ್ ಎಂಬ ಔಷಧ ಬಳಸುವುದುಂಟು. ಕಾರ್ಬನ್-11 ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಬೇಗ ಬಳಸಬೇಕು. ಇವು ಸಂಶೋಧನೆಯ ಕೆಲಸಗಳು, ಹೋಗಿ ಮಾಡಿಸಿಕೊಳ್ಳುವ ಚೆಕಪ್ ಅಲ್ಲ.

ಮರೆವು ಕಾಡುತ್ತಿದ್ದರೆ ನರರೋಗ ವೈದ್ಯರನ್ನು ನೋಡಿ. ಯಾವ ಸ್ಕ್ಯಾನ್ ಬೇಕೋ ಅವರೇ ಹೇಳುತ್ತಾರೆ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.