ಗ್ಲಿಯಾ ಕೋಶಗಳನ್ನು ಒಂದೇ ಸಾಲಿಗೆ ಮುಗಿಸುವುದನ್ನು ಇನ್ನು ಬಿಡೋಣ

ಧಾರವಾಡದ ಸಪ್ತಾಪುರದ ಕಡೆ ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಬಯಾಲಜಿ ನೋಟ್ಸ್ ನೋಡಿ. ಸಂದೇಶ ಸಾಗಿಸುವ ನರಕೋಶಕ್ಕೆ, ಅಂದರೆ ನ್ಯೂರಾನ್‌ಗೆ, ಪುಟಗಟ್ಟಲೆ ಜಾಗ. ಮಿದುಳು, ನರಗಳಲ್ಲಿ ಅದರ ಜೊತೆಗೇ ಇರುವ ಗ್ಲಿಯಾ ಕೋಶಗಳಿಗೆ ಒಂದೇ ಸಾಲು, ‘ನ್ಯೂರಾನ್‌ಗೆ ಆಸರೆ ಕೊಡುತ್ತವೆ’ ಅಂತ. ಕೆಲವದರಲ್ಲಿ ‘ನ್ಯೂರಾನ್‌ಗಿಂತ ಹತ್ತು ಪಟ್ಟು ಜಾಸ್ತಿ’ ಅಂತಲೂ ಇರುತ್ತದೆ. ಅದು ಹಳೇ ಲೆಕ್ಕ. 2009ರಲ್ಲಿ ಬ್ರೆಜಿಲ್‌ನ ಸುಝಾನಾ ಹರ್ಕುಲಾನೊ-ಹೌಝೆಲ್ ತಂಡ ಮಿದುಳಿನ ಅಂಗಾಂಶವನ್ನು ಸೂಪಿನಂತೆ ಕರಗಿಸಿ ಎಣಿಸಿತು. ನ್ಯೂರಾನ್ ಸುಮಾರು 8,600 ಕೋಟಿ. ಉಳಿದೆಲ್ಲ ಕೋಶ ಸೇರಿಸಿದರೂ ಹೆಚ್ಚುಕಡಿಮೆ ಅಷ್ಟೇ.

ಬಯಾಲಜಿ ಹೇಳಿಕೊಡುವ ನನಗೆ ಸಂಖ್ಯೆಯದ್ದಲ್ಲ, ಆ ಒಂದು ಸಾಲಿನದ್ದೇ ತಕರಾರು. ಆಸರೆ ಅಂದರೆ ಏನು ಮಾಡುತ್ತವೆ ಅಂತ ಹುಡುಗರಿಗೆ ಗೊತ್ತೇ ಆಗುವುದಿಲ್ಲ.

ಒಂದು ನ್ಯೂರಾನ್ ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಅಲ್ಲೇ ಉಳಿದರೆ ಪಕ್ಕದ ನ್ಯೂರಾನ್ ಸುಮ್ಮನಾಗುವುದೇ ಇಲ್ಲ, ಕೊನೆಗೆ ಸತ್ತೇ ಹೋಗಬಹುದು. ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶ ಅದನ್ನು ಹೀರಿ, ಗ್ಲುಟಮಿನ್ ಮಾಡಿ, ನ್ಯೂರಾನ್‌ಗೆ ವಾಪಸ್ ಕೊಡುತ್ತದೆ. ಹೊರಗೆ ಹೆಚ್ಚಾದ ಪೊಟ್ಯಾಸಿಯಮ್ಮನ್ನೂ ಅದೇ ಎಳೆದುಕೊಳ್ಳುತ್ತದೆ. ಮೈಕ್ರೋಗ್ಲಿಯಾ ಎಂಬ ಇನ್ನೊಂದು ಬಗೆಯ ಗ್ಲಿಯಾ ಸತ್ತ ಕೋಶಗಳನ್ನು ತಿಂದುಹಾಕುತ್ತದೆ. ಮಿದುಳು ಬೆಳೆಯುವಾಗ ಬೇಡದ ಸಿನಾಪ್ಸ್ (ನ್ಯೂರಾನ್‌ಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಗ) ತೆಗೆಯುವುದರಲ್ಲೂ ಅದರ ಕೈ ಇದೆ.

ಇನ್ನು ಮೈಲಿನ್. ಆಲಿಗೋಡೆಂಡ್ರೋಸೈಟ್ ಎಂಬ ಗ್ಲಿಯಾ ಕೋಶ ನರತಂತುವಿಗೆ ಸುತ್ತುವ ಪದರ ಇದು. ಇದಿಲ್ಲದ ಸಣ್ಣ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದು ಮೀಟರಿನಷ್ಟು ಹೋಗುತ್ತದೆ. ಇದ್ದರೆ 100 ಮೀಟರ್‌ವರೆಗೂ ಹೋಗಬಲ್ಲದು. ನಮ್ಮೂರ ಲೆಕ್ಕ ಹಾಕಿ. ಹುಬ್ಬಳ್ಳಿ-ಧಾರವಾಡ ಸುಮಾರು 20 ಕಿಲೋಮೀಟರ್. ಮೊದಲನೆಯದಕ್ಕೆ ಐದೂವರೆ ತಾಸು ಬೇಕು, ಎರಡನೆಯದಕ್ಕೆ ಮೂರು ನಿಮಿಷ ಚಿಲ್ಲರೆ. ಈ ದಾರಿಯಲ್ಲಿ ಓಡುವ ನಮ್ಮ ಚಿಗರಿ ಬಸ್ಸೂ ಸೋಲುತ್ತದೆ!

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ಇದು ಪರೀಕ್ಷಾಕ್ಕ ಬರ್ತದೇನ್ರಿ?” ಹುಡುಗರದ್ದೇನೂ ತಪ್ಪಿಲ್ಲ ಬಿಡಿ, ನಾವು ಕಲಿಸಿದ್ದೇ ಹಾಗೆ.

ನನ್ನ ಪ್ರಕಾರ ಈ ಪಾಠವನ್ನು ಕಾಯಿಲೆಯಿಂದಲೇ ಶುರು ಮಾಡಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೈಲಿನ್ ಮೇಲೆ ಬೀಳುತ್ತದೆ. ಗ್ಲಿಯೋಮಾ ಎಂಬ ಮಿದುಳು ಗಡ್ಡೆಗಳು ಹುಟ್ಟುವುದು ನ್ಯೂರಾನ್‌ನಿಂದಲ್ಲ, ಗ್ಲಿಯಾ ಜಾತಿಯ ಕೋಶಗಳಿಂದ. ಕುಷ್ಠರೋಗವನ್ನಂತೂ ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ಅದರ ಬ್ಯಾಕ್ಟೀರಿಯಾ ಮಿದುಳಿನ ಹೊರಗಿನ ನರಗಳಿಗೆ ಮೈಲಿನ್ ಸುತ್ತುವ, ಶ್ವಾನ್ ಎಂಬ ಗ್ಲಿಯಾ ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ನರ ಹಾಳಾಗಿ ಕೈಕಾಲು ಮರಗಟ್ಟುತ್ತವೆ. ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ. ಇದನ್ನು ಕೇಳಿದ ಹುಡುಗ ಶ್ವಾನ್ ಕೋಶ ಮರೆಯುತ್ತಾನಾ?

ಪಿಯು ಬಯಾಲಜಿ ಹೇಳುವವರು ನನ್ನ ಫ್ರೆಂಡ್ಸ್ ಲಿಸ್ಟಲ್ಲಿ ಸುಮಾರು ಜನ ಇದ್ದೀರಿ. ಈ ವರ್ಷ ಗ್ಲಿಯಾಗೆ ಒಂದು ಪೂರ್ತಿ ಪೀರಿಯಡ್ ಕೊಡ್ರಿ. ಮಾರ್ಕ್ಸ್ ಇಲ್ಲದಿದ್ದರೂ ಪರವಾಗಿಲ್ಲ.