ಕಲ್ಲಿನ ಮೇಲೆ ಯಾರ ಹೆಸರಿರಬೇಕು?

ಪೂರ್ವ ಪೋಲೆಂಡಿನ ಲುಬ್ಲಿನ್‌ಗೆ ಬಂದ ಹೊಸತರಲ್ಲಿ ಎಲ್ಲಿ ನೋಡಿದರೂ ಯುರೋಪಿಯನ್ ಒಕ್ಕೂಟದ ನೀಲಿ ಬಾವುಟ, ಹಳದಿ ನಕ್ಷತ್ರಗಳ ಫಲಕ ಕಾಣುತ್ತಿತ್ತು. ಟ್ರಾಲಿಬಸ್ಸಿನ ಮೇಲೂ ಅದೇ ಗುರುತು. ಭಾಷೆ ಅಷ್ಟಿಷ್ಟು ಬಂದ ಮೇಲೆ ನಿಂತು ಓದತೊಡಗಿದೆ. ಯಾವ ಕೆಲಸ, ಯಾರು ಮಾಡಿಸಿದರು, ಯುರೋಪಿನ ಯಾವ ನಿಧಿಯಿಂದ ಹಣ ಬಂತು, ಇಷ್ಟೇ. ಕೆಳಗೆ ಒಂದು ವೆಬ್‌ಸೈಟಿನ ವಿಳಾಸ. ಅಲ್ಲಿ ಅನುದಾನಗಳ ನಕ್ಷೆಯೇ ಇದೆ. ಊರಿನ ಹೆಸರು ಹಾಕಿದರೆ ಯಾವ ಕೆಲಸಕ್ಕೆ ಎಷ್ಟು ಬಂತು ಅಂತ ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿ ಉದ್ಘಾಟನೆಯ ಕಲ್ಲು ಓದಿ ನೋಡಿ. ಯಾರ ಅಮೃತಹಸ್ತದಿಂದ ಆಯಿತು, ಯಾರ ಅಧ್ಯಕ್ಷತೆ, ಯಾರ ಘನ ಉಪಸ್ಥಿತಿ, ಎಲ್ಲ ಇರುತ್ತದೆ. ಎಷ್ಟು ದುಡ್ಡು, ಯಾವ ಬಾಬ್ತಿನಿಂದ ಬಂತು ಎನ್ನುವುದಕ್ಕೆ ಮಾತ್ರ ಜಾಗ ಉಳಿದಿರುವುದು ಕಡಿಮೆ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಹಣ ಜನರದ್ದು ಅಲ್ವಾ?

ಯುರೋಪಿನ ಪ್ರಾದೇಶಿಕ ಅಭಿವೃದ್ಧಿ ನಿಧಿ ಶುರುವಾಗಿದ್ದು 1975ರಲ್ಲಿ. 2021ರಿಂದ 2027ರ ಕಂತಿನಲ್ಲಿ ಇಂಥ ನಿಧಿಗಳಿಗೆಲ್ಲ ಸೇರಿ ಸುಮಾರು 39,200 ಕೋಟಿ ಯೂರೋ ಇಟ್ಟಿದ್ದಾರೆ. ಅತಿ ದೊಡ್ಡ ಪಾಲು ಪೋಲೆಂಡಿಗೆ. ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇರುವ ಪ್ರದೇಶ ಹಿಂದುಳಿದದ್ದು. ಅಲ್ಲಿನ ಕೆಲಸಗಳಿಗೆ ಶೇ. 85ರವರೆಗೆ ನೆರವು ಸಿಗುತ್ತದೆ, ಉಳಿದದ್ದನ್ನು ಆಯಾ ದೇಶದವರೇ ಹೊಂದಿಸಬೇಕು. ಇಂತಿಷ್ಟು ವರ್ಷದೊಳಗೆ ಖರ್ಚು ಮಾಡದಿದ್ದರೆ ಹಣ ಕೈಬಿಟ್ಟು ಹೋಗುತ್ತದೆ.

ಅಳೆಯುವ ವಿಷಯದಲ್ಲಿ ನಮ್ಮ ದಾರಿಯೇ ಮೇಲು ಅಂತ ನನಗನಿಸುತ್ತದೆ. 2002ರಲ್ಲಿ ಕರ್ನಾಟಕದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ತಾಲೂಕು ತಾಲೂಕನ್ನೂ ತೂಗಿ ನೋಡಿತು. 175ರಲ್ಲಿ 114 ಹಿಂದುಳಿದಿವೆ ಎಂದಿತು. ಅದರಲ್ಲೂ 39 ಅತ್ಯಂತ ಹಿಂದುಳಿದವು. ಇಲ್ಲಿ ಯುರೋಪಿನಲ್ಲಿ ಲೆಕ್ಕದ ಒಂದೊಂದು ಪ್ರದೇಶದಲ್ಲೂ ಸಾಮಾನ್ಯವಾಗಿ 8 ಲಕ್ಷದಿಂದ 30 ಲಕ್ಷ ಜನ. ಅದರೊಳಗಿನ ಬಡ ಹಳ್ಳಿ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಅಷ್ಟು ಚೆನ್ನಾಗಿ ಅಳೆದ ನಾವು, ಆ 39 ತಾಲೂಕುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಹೋಯಿತು ಎನ್ನುವುದನ್ನು ಆ ಕೆಲಸದ ಮುಂದೆಯೇ ಬರೆದು ನಿಲ್ಲಿಸಬಹುದಿತ್ತು.

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಯುರೋಪಿನ ಲೆಕ್ಕಪರಿಶೋಧಕರು 2014ರಲ್ಲಿ ಐದು ದೇಶಗಳ 20 ವಿಮಾನ ನಿಲ್ದಾಣಗಳನ್ನು ತಪಾಸಣೆ ಮಾಡಿ, ಸುರಿದ ಹಣಕ್ಕೆ ತಕ್ಕ ಫಲ ಸಿಕ್ಕಿಲ್ಲ ಎಂದು ಬರೆದರು. ಒಂದರ ಪಕ್ಕದಲ್ಲೇ ಇನ್ನೊಂದು ನಿಲ್ದಾಣ ಕಟ್ಟಿದ್ದರು. ಪೋಲೆಂಡ್ ಕೂಡ ಆ ಐದರಲ್ಲಿತ್ತು. ಆ ವರದಿಯನ್ನೂ ಯಾರು ಬೇಕಾದರೂ ತೆಗೆದು ಓದಬಹುದು.

ಇದಕ್ಕಿಂತ ಜಾಸ್ತಿ ಕಾಡುವುದು ಬ್ರಿಟನ್ನಿನ ವೇಲ್ಸ್. ಗಣಿ, ಉಕ್ಕಿನ ಕಾರ್ಖಾನೆ ಮುಚ್ಚಿದ ಅಲ್ಲಿನ ಕಣಿವೆಗಳಿಗೆ ವರ್ಷಗಟ್ಟಲೆ ಈ ನಿಧಿ ಹರಿಯಿತು. ರಸ್ತೆ ಬಂತು, ಕಾಲೇಜು ಬಂತು, ಫಲಕವೂ ಬಂತು. ಆದರೂ ಒಕ್ಕೂಟದಲ್ಲಿ ಇರಬೇಕೇ ಬಿಡಬೇಕೇ ಎಂದು 2016ರಲ್ಲಿ ಬ್ರಿಟನ್ ಜನಮತ ಕೇಳಿದಾಗ, ಅಲ್ಲಿನ ಬ್ಲೈನೈ ಗ್ವೆಂಟ್‌ನಲ್ಲಿ ಮತ ಹಾಕಿದವರಲ್ಲಿ ಶೇ. 62 ಮಂದಿ ಯುರೋಪ್ ಬೇಡ ಎಂದರು. ಅದಕ್ಕೆ ಕಾರಣ ಹತ್ತಾರು ಇರಬಹುದು. ಹೋದ ಕೆಲಸದ ಬದಲು ಇನ್ನೊಂದು ಕೆಲಸ ಸಿಗದವನಿಗೆ ಹೊಸ ಕಟ್ಟಡ ತನ್ನದು ಅನಿಸಲಿಲ್ಲ ಎನ್ನುವುದು ನನ್ನ ಎಣಿಕೆ. ಏನು ಬೇಕು ಅಂತ ಅವನನ್ನು ಮೊದಲೇ ಕೇಳಬೇಕಿತ್ತು.

ಪೋಲೆಂಡಿನಲ್ಲಿ ಈ ಹಣದ ಒಂದು ಪಾಲನ್ನು ಪ್ರಾಂತ್ಯದ ಚುನಾಯಿತ ಆಡಳಿತವೇ ನಡೆಸುತ್ತದೆ. ಉಸ್ತುವಾರಿ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆ, ಕಾರ್ಮಿಕ ಸಂಘ, ಸ್ವಯಂಸೇವಾ ಸಂಘಟನೆಗಳು ಕೂರುತ್ತವೆ. ಈಗ ಅದೇ ಅಲುಗಾಡುತ್ತಿದೆ. 2028ರಿಂದ ಈ ನಿಧಿಗಳನ್ನು ಬೇರೆ ಬಾಬ್ತುಗಳ ಜೊತೆ ಸೇರಿಸಿ ದೇಶಕ್ಕೊಂದು ಯೋಜನೆ ಮಾಡೋಣ ಎಂದು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ 2025ರ ಜುಲೈನಲ್ಲಿ ಪ್ರಸ್ತಾಪ ಇಟ್ಟಿತು. ತೀರ್ಮಾನ ರಾಜಧಾನಿಗೆ ಹೋಗಿಬಿಡುತ್ತದೆ ಎಂದು ಪ್ರಾಂತ್ಯಗಳು ವಿರೋಧಿಸುತ್ತಿವೆ. ಆ ಅಳುಕು ಏನೆಂದು ಕಲಬುರಗಿ, ಯಾದಗಿರಿಯ ಜನರಿಗೆ ಬಿಡಿಸಿ ಹೇಳಬೇಕಿಲ್ಲ.